ಅಂಗಿ ನಮ್ಮದೇ, ಹೊಲಿದವರು ಗೊತ್ತಿಲ್ಲ

ದೊಡ್ಡ ಬ್ರ್ಯಾಂಡ್‌ಗಳ ಕಣ್ಣು ಭಾರಿ ಚುರುಕು. ಒಂದು ಅಂಗಿಗೆ ಆರ್ಡರ್ ಕೊಟ್ಟರೆ ಇಂಚಿಗೆ ಎಷ್ಟು ಹೊಲಿಗೆ ಬೀಳಬೇಕು, ದಾರದ ಬಣ್ಣ ಯಾವ ನಂಬರಿನದು, ಗುಂಡಿಗೆ ಎರಡು ತೂತೋ ನಾಲ್ಕೋ, ಡಬ್ಬದ ಮೇಲೆ ಬಾರ್‌ಕೋಡ್ ಯಾವ ಮೂಲೆಗೆ ಅಂಟಿಸಬೇಕು, ಎಲ್ಲವನ್ನೂ ಪುಟಗಟ್ಟಲೆ ಬರೆದು ಕಳಿಸುತ್ತಾರೆ. ತೋಳು ಸ್ವಲ್ಪ ಗಿಡ್ಡವಾದರೂ ಇಡೀ ಲಾಟ್ ವಾಪಸ್.

ಅದನ್ನು ಹೊಲಿದವರು ಯಾರು ಅಂತ ಕೇಳಿ ನೋಡಿ. ಥಟ್ಟನೆ ಕಣ್ಣಿಗೆ ಪೊರೆ ಬಂದುಬಿಡುತ್ತದೆ.

ಬರದೆ ಏನು? ರೇಟೂ ಇಳಿಸಿ, ದಿನವನ್ನೂ ಇಳಿಸಿ ಆರ್ಡರ್ ಕೊಟ್ಟರೆ ಫ್ಯಾಕ್ಟರಿ ಮಾಲೀಕ ಅರ್ಧ ಕೆಲಸವನ್ನು ಬೋರ್ಡಿಲ್ಲದ ಶೆಡ್ಡಿಗೆ ದಾಟಿಸುತ್ತಾನೆ. ಶೆಡ್ಡಿನವನು ಗುಂಡಿ ಹಚ್ಚುವುದನ್ನು ಮನೆಮನೆಗೆ ಹಂಚುತ್ತಾನೆ, ಪೀಸಿಗಿಷ್ಟು ಅಂತ. ಒಪ್ಪಂದದಲ್ಲಿ ಮಾತ್ರ 'ಅನುಮತಿ ಇಲ್ಲದೆ ಒಳಗುತ್ತಿಗೆ ಕೊಡುವಂತಿಲ್ಲ' ಎಂಬ ಸಾಲು ಇದ್ದೇ ಇರುತ್ತದೆ. ಅದು ಪಾಲಿಸೋಕಲ್ಲ, ಏನಾದರೂ ಆದ ಮೇಲೆ ತೋರಿಸೋಕೆ.

ತೋರಿಸುವ ದಿನಗಳೂ ಬಂದವು. 2012ರ ನವೆಂಬರ್‌ನಲ್ಲಿ ಢಾಕಾ ಹತ್ತಿರದ ತಾಜ್ರೀನ್ ಫ್ಯಾಕ್ಟರಿಗೆ ಬೆಂಕಿ ಬಿದ್ದು 110ಕ್ಕೂ ಜಾಸ್ತಿ ಜನ ಸತ್ತರು. ತನ್ನ ಸರಬರಾಜುದಾರ ಅಪ್ಪಣೆ ಇಲ್ಲದೆ ಅಲ್ಲಿಗೆ ಕೆಲಸ ಕೊಟ್ಟಿದ್ದ ಎಂದು ವಾಲ್‌ಮಾರ್ಟ್ ಹೇಳಿತು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರವೇ, ಹಲವು ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಕಟ್ಟಡ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಗಾರ್ಮೆಂಟ್ಸ್‌ನವರನ್ನು ಮಾತ್ರ ಬೈದು ಒಳಗೆ ಕಳಿಸಿದರು. ಸತ್ತವರು 1,134. ಆ ಕಟ್ಟಡಕ್ಕೂ ತನಗೂ ಸಂಬಂಧವಿಲ್ಲ ಎಂದು ಇಟಲಿಯ ಬಟ್ಟೆ ಬ್ರ್ಯಾಂಡ್ ಬೆನೆಟನ್ ಮೊದಲು ಹೇಳಿತು. ಅವಶೇಷದಲ್ಲಿ ಅದರದೇ ಲೇಬಲ್ ಇದ್ದ ಬಟ್ಟೆಗಳ ಫೋಟೋ ಹೊರಬಂದ ಮೇಲೆ, ಒಂದೇ ಒಂದು ಸಲ ಆರ್ಡರ್ ಹೋಗಿತ್ತು ಎಂದು ಒಪ್ಪಿಕೊಂಡಿತು. ಲೇಬಲ್ ಪಾಪ, ಪತ್ರಿಕಾ ಹೇಳಿಕೆ ಓದಿರಲಿಲ್ಲ.

ತಪಾಸಣೆ ಇರಲಿಲ್ಲವೇ ಅನ್ನಬೇಡಿ, ಭರ್ಜರಿಯಾಗಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕರಾಚಿಯ ಗಾರ್ಮೆಂಟ್ಸ್ ಫ್ಯಾಕ್ಟರಿ ಅಲಿ ಎಂಟರ್‌ಪ್ರೈಸಸ್‌ಗೆ, ಕೆಲಸಗಾರರ ಸ್ಥಿತಿಗತಿ ಸರಿಯಿದೆ ಎನ್ನುವ ಎಸ್‌ಎ8000 ಸರ್ಟಿಫಿಕೇಟ್ ಬಂದು ತಿಂಗಳೂ ಆಗಿರಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಸರಳು. ಸರ್ಟಿಫಿಕೇಟಿಗೇನು, ಅದು ಕಿಟಕಿಯಿಂದ ಹಾರಬೇಕಿರಲಿಲ್ಲ.

ರಾಣಾ ಪ್ಲಾಜಾ ಆದ ಮೇಲೆ ಕಾನೂನಿಗೆ ಕಟ್ಟುಬಿದ್ದ ಸುರಕ್ಷತಾ ಒಪ್ಪಂದ ಬಂತು. ಯುರೋಪಿನ ಹಲವು ಕಂಪನಿಗಳು ಸಹಿ ಹಾಕಿದವು. ವಾಲ್‌ಮಾರ್ಟ್, ಗ್ಯಾಪ್ ಸೇರಿದಂತೆ ಅಮೆರಿಕದ ಹಲವರು ಅದನ್ನು ಬಿಟ್ಟು ತಮ್ಮದೇ ಬೇರೆ ಒಕ್ಕೂಟ ಕಟ್ಟಿಕೊಂಡರು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಸುಮ್ನೆ ಕೋರ್ಟು ಕಚೇರಿ ಯಾಕೆ, ಅಲ್ವಾ?