ಬೈಟು

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಸಂದಿಯಲ್ಲಿ ಪುಟ್ಟ ಹೋಟೆಲೊಂದಿದೆ. ಬೋರ್ಡಿನ ಅರ್ಧ ಅಕ್ಷರಗಳನ್ನು ಮಳೆ ತಿಂದಿದೆ, ಉಳಿದರ್ಧವನ್ನು ಹೊಗೆ. ಹಾಗಾಗಿ ಎಲ್ಲರ ಬಾಯಲ್ಲೂ ಅದು ಸಂದಿ ಹೋಟ್ಲು. ನಾನೂ ನನ್ನ ಗೆಳೆಯನೂ ಇಪ್ಪತ್ತು ವರ್ಷದಿಂದ ಅಲ್ಲಿ ಕಾಫಿ ಕುಡಿಯುತ್ತಿದ್ದೇವೆ. ಇಷ್ಟು ವರ್ಷದಲ್ಲಿ ಇಬ್ಬರೂ ಒಂದೇ ಒಂದು ಪೂರ್ತಿ ಕಾಫಿ ಕುಡಿದಿಲ್ಲ. ಯಾವಾಗಲೂ ಬೈಟು.

ಜಿಪುಣರು ಅಂದುಕೊಳ್ಳಬೇಡಿ. ದಿನಕ್ಕೆ ನಾಲ್ಕು ಬೈಟು ಕುಡಿದರೆ ಎರಡು ಕಾಫಿ ಆಯಿತು. ಡಾಕ್ಟರಿಗೂ ಸಮಾಧಾನ, ಮನೆಯವಳಿಗೂ ಸಮಾಧಾನ. ಅಲ್ಲದೆ ಬೈಟು ಒಬ್ಬನೇ ಕುಡಿಯುವಂಥದ್ದಲ್ಲ. ಪೂರ್ತಿ ಕಾಫಿಗೆ ದುಡ್ಡಿದ್ದರೆ ಸಾಕು, ಬೈಟುಗೆ ಜೊತೆಗೊಬ್ಬ ಬೇಕು. ಗೆಳೆಯ ಊರಲ್ಲಿಲ್ಲದ ದಿನ ನಾನು ಆ ಸಂದಿಗೆ ಕಾಲಿಡುವುದೇ ಇಲ್ಲ.

ಸಪ್ಲೈಯರ್ ತಂದಿಟ್ಟ ಲೋಟಗಳನ್ನು ಒಮ್ಮೆ ಬಗ್ಗಿ ನೋಡಬೇಕು. ಎರಡರಲ್ಲೂ ಕಾಫಿ ಅರ್ಧಕ್ಕಿಂತ ಒಂದು ಬೆರಳು ಮೇಲೆಯೇ ಇರುತ್ತದೆ. ಎರಡನ್ನೂ ಒಂದೇ ಲೋಟಕ್ಕೆ ಸುರಿದರೆ ಖಂಡಿತ ಚೆಲ್ಲುತ್ತದೆ. ಈ ಲೆಕ್ಕ ಹೇಗೆ ಅಂತ ಗಲ್ಲಾದ ಮೇಲಿದ್ದ ಮಾಲೀಕರನ್ನು ಒಮ್ಮೆ ಕೇಳಿದೆ. "ನೊರೆ ಸಾರ್" ಅಂದರು. ನೊರೆ ಅಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಹನ್ನೊಂದರ ಹೊತ್ತಿಗೆ ಹೋದರೆ ಕೆಲವೊಮ್ಮೆ ಅವರೇ ತಡೆಯುತ್ತಾರೆ. "ಈಗ ಬೇಡ ಸಾರ್, ಹತ್ತು ನಿಮಿಷ ಕೂತ್ಕೊಳ್ಳಿ. ಹೊಸಾ ಡಿಕಾಕ್ಷನ್ ಇಳೀತಾ ಇದೆ." ಎರಡನೇ ಸಲ ನೀರು ಹುಯ್ದು ಇಳಿಸಿದ ಸಪ್ಪೆ ಡಿಕಾಕ್ಷನ್ ನಮಗೆ ಕೊಡಲು ಅವರಿಗೆ ಮನಸ್ಸಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಬಸ್ಸಿಗೆ ಕಾದಿರುವ ಅಪರಿಚಿತನಿಗೆ ಅದೇ ಹೋಗುತ್ತದೆ ಅನ್ನುವುದೂ ನಿಜ. ನ್ಯಾಯ ಅಲ್ಲ. ಆದರೂ ಆ ಹತ್ತು ನಿಮಿಷ ಕೂತಿರುವಾಗ ಒಳಗೊಳಗೇ ಖುಷಿಯಾಗುತ್ತದೆ.

ಹೋದ ವರ್ಷ ಮಗನ ಜೊತೆ ಹಾಸನದಿಂದ ಬರುತ್ತಿದ್ದೆ. ದಾರಿಯಲ್ಲೊಂದು ಗಾಜಿನ ಗೋಡೆಯ ದೊಡ್ಡ ಕಾಫಿ ಅಂಗಡಿ. ಹೆಸರು ಬೇಡ. ಎಸಿಗೆ ಮೈಯೆಲ್ಲ ಜುಮ್ಮೆಂದಿತು. ಗೋಡೆಯ ಮೇಲೆ ಸ್ಮಾಲು, ಮೀಡಿಯಮ್ಮು, ಲಾರ್ಜು ಅಂತ ಮೂರು ಅಳತೆಯ ಬೆಲೆ. ಸ್ಮಾಲೇ 200 ರೂಪಾಯಿಯ ಆಸುಪಾಸು. ನಾನು ಅಭ್ಯಾಸಬಲದಿಂದ "ಒಂದು ಬೈಟು ಕೊಡಮ್ಮ" ಅಂದೆ. ಕೌಂಟರಿನ ಹುಡುಗಿ ಕಂಪ್ಯೂಟರನ್ನು ನೋಡಿದಳು. ಅದರಲ್ಲಿ ಬೈಟು ಅನ್ನುವ ಗುಂಡಿ ಇರಲಿಲ್ಲ. ಮಗ ಅಷ್ಟರಲ್ಲಿ ಎರಡು ಹೆಜ್ಜೆ ದೂರ ಸರಿದು, ಬೇರೆ ಯಾರದೋ ಮಗನಂತೆ ನಿಂತಿದ್ದ.

ಕೊನೆಗೆ ಆ ಹುಡುಗಿಯೇ ಒಂದು ಸ್ಮಾಲಿನ ಪಕ್ಕದಲ್ಲಿ ಖಾಲಿ ಕಪ್ಪೊಂದನ್ನು ಸುಮ್ನೆ ಇಟ್ಟಳು. ಬಿಲ್ಲಿನಲ್ಲಿ ಅದು ಇರಲಿಲ್ಲ. "ಯಾವೂರಮ್ಮ?" ಅಂದೆ. "ಕಳಸದ ಹತ್ರ ಸಾರ್." "ಮನೇಲಿ ಯಾವ ಕಾಫಿ?" ಅವಳು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಬೆಲ್ಲದ ಕಾಫಿನೇ ಸಾರ್" ಅಂದಳು.

ಹಾಗೆ ನೋಡಿದರೆ ದೊಡ್ಡ ಅಂಗಡಿಗಳನ್ನು ಬೈಯಲು ನಮ್ಮೂರಿನವರಿಗೆ ಬಾಯಿ ಬರುವುದಿಲ್ಲ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದ ವಿ.ಜಿ. ಸಿದ್ಧಾರ್ಥ ಇದೇ ಜಿಲ್ಲೆಯ ಪ್ಲಾಂಟರ್ ಮನೆತನದವರು. ಅಲ್ಲಿಯವರೆಗೆ ಎಷ್ಟೋ ವರ್ಷ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ರಾಶಿಗೆ, ಹಾಕಬೇಕಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಬಿಚ್ಚಿತು. ಬೆಳೆದವನಿಗೆ ತನ್ನ ಕಾಫಿಯನ್ನು ತಾನೇ ಹುರಿದು, ಪುಡಿ ಮಾಡಿ ಮಾರುವ ದಾರಿ ಸಿಕ್ಕಿತು. ಗಾಜಿನ ಅಂಗಡಿಗೂ ತೋಟದವರು ಇಟ್ಟ ಸಣ್ಣ ಪುಡಿ ಅಂಗಡಿಗೂ ಬೇರು ಒಂದೇ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಸಂದಿ ಹೋಟ್ಲಿನಲ್ಲಿ ಹೆಣ್ಣುಮಕ್ಕಳು ಇಬ್ಬರೇ ಬಂದು ಒಂದು ಗಂಟೆ ಹರಟಿದ್ದನ್ನು ನಾನು ನೋಡಿಲ್ಲ. ಬಂದರೂ ನಾವು ಗಂಡಸರು ನೆಟ್ಟಗೆ ಕಾಫಿ ಕುಡಿಯುವುದಿಲ್ಲ, ನೋಡುತ್ತೇವೆ. ಗಾಜಿನ ಅಂಗಡಿಯಲ್ಲಿ ಆ ಕಾಟ ಕಮ್ಮಿ. ಬಾತ್‌ರೂಮಿನ ವಿಷಯವನ್ನಂತೂ ನಾನು ಎತ್ತುವುದೇ ಇಲ್ಲ.

ಆದರೂ ಬೈಟು ವಿಷಯದಲ್ಲಿ ನನ್ನದು ಹಟ. ಅದಕ್ಕೆ ಕಾಫಿ ಗಿಡದ್ದೇ ಸಾಕ್ಷಿ ಇದೆ. ಕಾಫಿ ಹಣ್ಣನ್ನು ಹಿಚುಕಿ ನೋಡಿ. ಒಳಗೆ ಎರಡು ಬೀಜ, ಚಪ್ಪಟೆ ಮುಖ ಎದುರುಬದುರು ಮಾಡಿಕೊಂಡು, ಒಂದೇ ಟೇಬಲ್ಲಿಗೆ ಕೂತವರ ಹಾಗಿರುತ್ತವೆ. ಗಿಡವೇ ಬೈಟು ಮಾಡಿ ಕಳಿಸಿದೆ, ಅಲ್ವಾ? ಎಲ್ಲೋ ಕೆಲವು ಹಣ್ಣಿನಲ್ಲಿ ಮಾತ್ರ ಒಂದೇ ಬೀಜ ಬೆಳೆದು, ಪೂರ್ತಿ ಜಾಗ ತನಗೇ ಇಟ್ಟುಕೊಂಡು ದುಂಡಗಾಗಿರುತ್ತದೆ. ಅದೇ ಪೀಬೆರಿ. ಹಂಚಿಕೊಳ್ಳದ ಬೀಜಕ್ಕೆ ಪುಡಿ ಅಂಗಡಿಯಲ್ಲಿ ಬೆಲೆ ಜಾಸ್ತಿ! ಇದನ್ನು ಗೆಳೆಯನಿಗೆ ಹೇಳಿದೆ. ಅವನು ಲೋಟದ ತಳದ ನೊರೆ ಹೀರುತ್ತಾ, "ಬಾಬಾ ಬುಡನ್ನರು ಮೋಕಾದಿಂದ ಏಳು ಬೀಜ ತಂದ್ರಂತಲ್ಲ. ಮೂರು ಬೈಟು ಆಗಿ ಒಂದು ಉಳೀತು. ಅದರ ಮಗನೇ ಇರಬೇಕು ನಿನ್ನ ಪೀಬೆರಿ" ಅಂದ. ಸಸ್ಯಶಾಸ್ತ್ರ ಓದಿದವರು ಕ್ಷಮಿಸಬೇಕು.

ಮೊನ್ನೆ ಮಗ ಬೆಂಗಳೂರಿನಿಂದ ಬಂದಿದ್ದ. ನಾವು ಹೊರಟಾಗ ತಾನೂ ಬರುತ್ತೇನೆ ಅಂದ. ಮೂವರೂ ಸಂದಿಗೆ ಹೋದೆವು. ಜೂನ್ ಮಳೆ, ಒದ್ದೆ ಬೆಂಚು. ಅವನು ಕರ್ಚೀಫಿನಿಂದ ಬೆಂಚು ಒರೆಸಿ ಕೂತ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡು ತರಿಸಬೇಕೋ, ಮಗನಿಗೆ ಬೇರೆ ಪೂರ್ತಿ ಹೇಳಬೇಕೋ ಗೊತ್ತಾಗಲಿಲ್ಲ. ನಾವು ಬಾಯಿ ತೆರೆಯುವ ಮೊದಲೇ ಸಪ್ಲೈಯರ್ ಮೂರು ತಲೆ ಎಣಿಸಿ, ಒಳಗೆ ತಿರುಗಿ ಕೂಗಿದ.

"ಕಾಫಿ ಟೂ ಬೈ ತ್ರೀ!"

ಮಗ ಫೋನಿನಿಂದ ತಲೆಯೆತ್ತಿ, "ಅಪ್ಪಾ, ಅದೆಷ್ಟು ಬರುತ್ತೆ?" ಅಂದ.

"ನೋಡ್ತಾ ಇರು" ಅಂದೆ.