ಗೊತ್ತಿದ್ದೂ ನಮಗೆ ಹೇಳಲಿಲ್ಲ

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಸಾಮಾನು ಬರುವ ಬೆಲ್ಟಿನ ಮುಂದೆ ನಾನೂ ನನ್ನ ಹೆಂಡತಿಯೂ ಒಂದು ಗಂಟೆ ಹತ್ತು ನಿಮಿಷ ನಿಂತಿದ್ದೆವು. ಮೊದಲು ಜನ ಒತ್ತೊತ್ತಾಗಿದ್ದರು, ಆಮೇಲೆ ಒಬ್ಬೊಬ್ಬರಾಗಿ ಕರಗಿದರು, ಕೊನೆಗೆ ನಾವಿಬ್ಬರೂ ಒಬ್ಬ ವಿದ್ಯಾರ್ಥಿಯೂ ಉಳಿದೆವು. ಟೇಪು ಸುತ್ತಿದ ಒಂದು ರಟ್ಟಿನ ಪೆಟ್ಟಿಗೆಯನ್ನು ಯಾರೂ ಎತ್ತಿಕೊಳ್ಳದೆ ಅದೊಂದೇ ಬೆಲ್ಟಿನ ಮೇಲೆ ಸುತ್ತುತ್ತಿತ್ತು. ಅದು ನಮ್ಮ ಮುಂದೆ ಎಷ್ಟು ಸಲ ಹಾದುಹೋಯಿತೆಂದರೆ ಅದರ ಯಾವ ಮೂಲೆ ಹರಿದಿತ್ತು, ವಿಳಾಸದ ಯಾವ ಸಾಲು ಅಳಿಸಿತ್ತು ಎಂಬುದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಗೆ ಬೆಲ್ಟೂ ನಿಂತಿತು. ನಮ್ಮಿಬ್ಬರ ಎಂಟು ದಿನದ ಬಟ್ಟೆಯೆಲ್ಲ ಇದ್ದ ಒಂದೇ ದೊಡ್ಡ ಬ್ಯಾಗ್ ಬರಲಿಲ್ಲ.

ಅಲ್ಲಿಂದ ವಿಮಾನ ಸಂಸ್ಥೆಯ ಕೌಂಟರಿಗೆ ಹೋಗಿ, ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಬ್ಯಾಗಿನ ಚೀಟಿಯನ್ನು ಕೊಟ್ಟೆ. ಅಲ್ಲಿದ್ದ ನೌಕರ ಅದರ ಹತ್ತು ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರು. ಅರ್ಧ ನಿಮಿಷವೂ ಆಗಿರಲಿಲ್ಲ, ತಲೆ ಎತ್ತಿ ಹೇಳಿದರು: ನಿಮ್ಮ ಬ್ಯಾಗ್ ಈ ವಿಮಾನಕ್ಕೆ ಹತ್ತಿಯೇ ಇಲ್ಲ, ನೀವು ವಿಮಾನ ಬದಲಾಯಿಸಿದ ನಿಲ್ದಾಣದಲ್ಲೇ ಇದೆ.

ಹಾಗಾದರೆ ಈ ಸಂಗತಿ ಅವರ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ನಾವು ಕೊಲ್ಲಿಯ ಆ ನಗರದಿಂದ ಹೊರಟಾಗಲೇ ಇತ್ತು, ಏಳು ಗಂಟೆ ಆಕಾಶದಲ್ಲಿದ್ದಾಗಲೂ ಇತ್ತು, ಬೆಲ್ಟಿನ ಮುಂದೆ ನನ್ನ ಹೆಂಡತಿ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತಾ, ನೋಯುವ ಮಂಡಿಯನ್ನು ಕೈಯಿಂದ ಒತ್ತಿಕೊಳ್ಳುತ್ತಾ ನಿಂತಿದ್ದಾಗಲೂ ಇತ್ತು. ಬ್ಯಾಗ್ ತಡವಾದದ್ದನ್ನು ನಾನು ಹೇಗೋ ಕ್ಷಮಿಸಿಬಿಡಬಲ್ಲೆ. ಗೊತ್ತಿದ್ದೂ ಬಾಯಿ ಬಿಡದೆ ನಮ್ಮನ್ನು ನಿಲ್ಲಿಸಿದ್ದನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ.

ಈ ಪ್ರವಾಸ ನಮಗೆ ಸುಮ್ಮನೆ ಕೂಡಿಬಂದದ್ದಲ್ಲ. ನಾನು ದಾವಣಗೆರೆಯಲ್ಲಿ ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು, ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಮಕ್ಕಳ ಓದು, ಮನೆಯ ಸಾಲ ಎಲ್ಲ ಮುಗಿದ ಮೇಲೆ, ಒಂದು ಎಫ್‌ಡಿ ಮುರಿಸಿ, ಐದು ತಿಂಗಳ ಮುಂಚೆಯೇ ಟಿಕೆಟ್ ಮಾಡಿಸಿದ್ದೆವು. ಥೇಮ್ಸ್ ನದಿಯ ದಂಡೆಯಲ್ಲಿ, ಬ್ರಿಟನ್ನಿನ ಸಂಸತ್ತಿನ ಎದುರು ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ ಎಂದು ಅವಳು 2015ರಲ್ಲಿ ಪತ್ರಿಕೆಯಲ್ಲಿ ಓದಿದ್ದಳು. ಆ ವರ್ಷದ ನವೆಂಬರ್ 14ರಂದು ಪ್ರಧಾನಿಯವರು ಅದನ್ನು ಅನಾವರಣ ಮಾಡಿದ ಸುದ್ದಿಯನ್ನು ಕತ್ತರಿಸಿ ದೇವರ ಕೋಣೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಳು. ಲಂಡನ್ನಿಗೆ ಹೋದರೆ ಮೊದಲ ದಿನವೇ, ಬೇರೆ ಏನನ್ನೂ ನೋಡುವ ಮೊದಲು, ಅಲ್ಲಿಗೆ ಹೋಗಿ ಕೈಮುಗಿಯಬೇಕು ಎಂಬುದು ಅವಳ ಆಸೆ. ಅದಕ್ಕೆಂದೇ ಒಂದು ಇಳಕಲ್ ಸೀರೆಯನ್ನೂ ಒಂದು ಗಟ್ಟಿ ವಿಭೂತಿಯನ್ನೂ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು.

ದೇವನಹಳ್ಳಿಯಲ್ಲಿ ಚೆಕ್-ಇನ್ ಮಾಡುವಾಗ ನಡೆದದ್ದನ್ನೂ ಹೇಳಬೇಕು, ಏಕೆಂದರೆ ಲಂಡನ್ನಿನಲ್ಲಿ ನಾವು ಚಳಿಗೆ ನಡುಗಿದ್ದಕ್ಕೆ ಅದೇ ಕಾರಣ. ನಮ್ಮಿಬ್ಬರ ದಪ್ಪ ಕೋಟುಗಳನ್ನು, ಅವಳ ಶೂಗಳನ್ನು, ಮಂಡಿಗೆ ಹಾಕುವ ಪಟ್ಟಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆವು, ಇಳಿದ ಕೂಡಲೇ ಬೇಕಾಗುತ್ತವೆಂದು. ಕೌಂಟರಿನ ಹುಡುಗಿ ಆ ಚೀಲವನ್ನು ತೂಕಕ್ಕೆ ಇಡಿಸಿದಳು. ಏಳು ಕಿಲೋ ಇರಬೇಕಾದದ್ದು ಒಂಬತ್ತು ಇತ್ತು. ನಿಯಮ ನಿಯಮವೇ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕೋಟನ್ನು ಮೈಮೇಲೆ ಹಾಕಿಕೊಳ್ಳುತ್ತೇವೆ ಎಂದು ನಾನು ಹೇಳಿದಾಗ, ಹಿಂದೆ ಸಾಲು ಬೆಳೆಯುತ್ತಿದೆ, ದೊಡ್ಡ ಬ್ಯಾಗಿಗೇ ಹಾಕಿಬಿಡಿ, ನೇರವಾಗಿ ಲಂಡನ್ನಿಗೇ ಬರುತ್ತದೆ ಎಂದು ಅವಳು ಅವಸರಪಡಿಸಿದಳು. ಅಷ್ಟು ಜನರ ಎದುರು ನೆಲದ ಮೇಲೆ ಬ್ಯಾಗ್ ಬಿಚ್ಚಿ, ಕೋಟುಗಳನ್ನೂ ಶೂಗಳನ್ನೂ ತುರುಕಿ, ಮಂಡಿಯೂರಿ ಜಿಪ್ ಎಳೆದವನು ನಾನೇ. ಕೈಚೀಲದ ಎರಡು ಕಿಲೋವನ್ನು ಅಷ್ಟು ನಿಗಾ ಇಟ್ಟು ಅಳೆಯುವ ಸಂಸ್ಥೆ, ತನ್ನ ಕೈಗೆ ಒಪ್ಪಿಸಿದ ಇಪ್ಪತ್ತೆಂಟು ಕಿಲೋ ಎಲ್ಲಿದೆ ಎಂದು ಒಡೆಯನಿಗೆ ಹೇಳುವ ಗೋಜಿಗೆ ಹೋಗಲಿಲ್ಲ.

ಮೊದಲ ವಿಮಾನ ಒಂದು ಗಂಟೆ ತಡವಾಗಿ ಹೊರಟಿತು. ವಿಮಾನ ಬದಲಾಯಿಸಲು ಉಳಿದದ್ದು ಮುಕ್ಕಾಲು ಗಂಟೆ. ಉದ್ದುದ್ದನೆಯ ಆ ಹಾದಿಗಳಲ್ಲಿ ಅವಳ ಕೈ ಹಿಡಿದುಕೊಂಡು ಓಡಿ, ಬಾಗಿಲು ಮುಚ್ಚುವ ಹೊತ್ತಿಗೆ ಮುಟ್ಟಿದೆವು. ಏದುಸಿರು ಬಿಡುತ್ತಲೇ ಗೇಟಿನಲ್ಲಿದ್ದವರನ್ನು ಕೇಳಿದೆ: ನಾವೇನೋ ಬಂದೆವು, ನಮ್ಮ ಬ್ಯಾಗ್ ಬಂದಿದೆಯೇ? ಅವರು ಪರದೆಯ ಕಡೆ ಕಣ್ಣು ಕೂಡ ಹಾಯಿಸದೆ, ಬರುತ್ತದೆ, ನೀವು ಹತ್ತಿ ಎಂದರು. ವಿಮಾನ ಸಂಸ್ಥೆಗಳ ಜಾಗತಿಕ ಒಕ್ಕೂಟವಾದ ಐಯಾಟಾದ 753ನೆಯ ನಿರ್ಣಯವೊಂದಿದೆ. ಅದು 2018ರ ಜೂನ್‌ನಿಂದ ಜಾರಿಯಲ್ಲಿದೆ. ಪ್ರಯಾಣಿಕ ಬ್ಯಾಗ್ ಒಪ್ಪಿಸಿದಾಗ, ಅದು ವಿಮಾನಕ್ಕೆ ಏರಿದಾಗ, ವಿಮಾನ ಬದಲಾಗುವ ಕಡೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ, ಕೊನೆಗೆ ಪ್ರಯಾಣಿಕನಿಗೆ ಮರಳುವಾಗ, ಈ ನಾಲ್ಕು ಕಡೆ ಪ್ರತಿ ಬ್ಯಾಗಿನ ದಾಖಲೆ ಇಡಬೇಕೆಂದು ಅದು ಹೇಳುತ್ತದೆ. ಆ ಚೀಟಿಯ ಮೇಲಿನ ಗೆರೆಗಳನ್ನು ಯಂತ್ರ ಓದುವುದು ಇದಕ್ಕಾಗಿಯೇ. ದಾಖಲೆ ಇದೆ, ಯಂತ್ರ ಇದೆ, ನನ್ನ ಫೋನ್ ನಂಬರೂ ಅವರ ಬಳಿ ಇದೆ. ಆ ನಂಬರಿಗೆ ಹೊರಡುವ ಹಿಂದಿನ ವಾರದಲ್ಲಿ ಹನ್ನೊಂದು ಸಂದೇಶಗಳು ಬಂದಿದ್ದವು: ಕಾಲು ಚಾಚಲು ಜಾಗವಿರುವ ಸೀಟು ಕೊಳ್ಳಿ, ವಿಮೆ ಮಾಡಿಸಿ, ಹೋಟೆಲು ನಮ್ಮಲ್ಲೇ ಕಾಯ್ದಿರಿಸಿ ಎಂದು. ನಿಮ್ಮ ಬ್ಯಾಗ್ ಹತ್ತಿಲ್ಲ ಎಂಬ ಒಂದು ಸಾಲಿನ ಸಂದೇಶ ಬಂದದ್ದು ಮೂರನೆಯ ದಿನ, ಬ್ಯಾಗ್ ನಮ್ಮ ಕೈ ಸೇರುವ ನಾಲ್ಕು ಗಂಟೆ ಮೊದಲು.

ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಪತ್ರ ತುಂಬಿಸಿಕೊಂಡರು. ಬಗೆಬಗೆಯ ಬ್ಯಾಗುಗಳ ಚಿತ್ರವಿದ್ದ ಹಾಳೆಯನ್ನು ಮುಂದಿಟ್ಟು ನಿಮ್ಮದು ಯಾವುದರ ಹಾಗಿದೆ ತೋರಿಸಿ ಎಂದರು. ಒಂದು ಪುಟ್ಟ ಚೀಲದಲ್ಲಿ ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಒಂದು ಬಿಳಿಯ ಟೀ ಶರ್ಟು ಕೊಟ್ಟರು. ಸೀರೆ ಬಿಟ್ಟು ಬೇರೇನನ್ನೂ ಉಡದ ಐವತ್ತೆಂಟು ವರ್ಷದ ಹೆಂಗಸು ಆ ಟೀ ಶರ್ಟನ್ನು ಏನು ಮಾಡಬೇಕು? ಹೊರಗೆ ಎಂಟು ಡಿಗ್ರಿ ಚಳಿ ಇದೆ, ಕೋಟು ಕೊಳ್ಳಬೇಕಾಗುತ್ತದೆ, ಅದರ ಖರ್ಚು ಯಾರದು ಎಂದು ಕೇಳಿದೆ. ಇಪ್ಪತ್ನಾಲ್ಕು ಗಂಟೆ ಕಾಯಿರಿ, ಆಮೇಲೆ ವೆಬ್‌ಸೈಟಿನಲ್ಲಿ ನೋಡಿ ಎಂದರು. ರಸೀದಿ ಇಟ್ಟುಕೊಳ್ಳಿ ಎಂದು ಹೇಳಿದವರು ಆ ನೌಕರರಲ್ಲ, ನಮ್ಮ ಹಿಂದೆ ನಿಂತಿದ್ದ ಆ ವಿದ್ಯಾರ್ಥಿ.

ಹೊರಗೆ ಬಂದಾಗ ಹತ್ತೂವರೆ ಆಗಿತ್ತು. ನವೆಂಬರ್ ಎರಡನೆಯ ವಾರದಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಅಲ್ಲಿ ಕಳೆದ ಒಂದೊಂದು ಗಂಟೆಯೂ ನಮ್ಮ ಊರಿನ ಎರಡು ಗಂಟೆಗೆ ಸಮ. ಹೋಟೆಲಿಗೆ ಹೋಗಿ, ಅಲ್ಲಿಂದ ಕೋಟಿನ ಅಂಗಡಿ ಹುಡುಕಿ, ಇಬ್ಬರಿಗೂ ಕೋಟು, ಅವಳಿಗೆ ಶೂ, ಒಂದು ಕೊಡೆ ಕೊಳ್ಳುವಷ್ಟರಲ್ಲಿ ಎರಡೂಕಾಲು ಆಯಿತು. ಖರ್ಚು 138 ಪೌಂಡ್, ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರ ರೂಪಾಯಿಯ ಹತ್ತಿರ. ಮನೆಯಲ್ಲಿ ತಿಂಗಳುಗಟ್ಟಲೆ ಕೂತು ಬರೆದಿದ್ದ ಪಟ್ಟಿಯಲ್ಲಿ ಆ ದಿನಕ್ಕೆ ಬ್ರಿಟಿಷ್ ಮ್ಯೂಸಿಯಂ ಕೂಡ ಇತ್ತು, ಅಲ್ಲಿರುವ ಅಮರಾವತಿಯ ಶಿಲ್ಪಗಳನ್ನು ನೋಡಬೇಕೆಂದಿದ್ದೆ. ಅದನ್ನು ಕೈಬಿಟ್ಟೆವು.

ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಟ್ಯೂಬ್ ರೈಲಿನಿಂದ ಇಳಿದು ಮೇಲೆ ಬಂದಾಗ ಬಿಗ್ ಬೆನ್ ಗೋಪುರ ತಲೆಯ ಮೇಲೇ ನಿಂತ ಹಾಗೆ ಕಂಡಿತು. ಬೇರೆ ದಿನವಾಗಿದ್ದರೆ ಅಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದೆವು. ಸೇತುವೆ ದಾಟಿ, ಆಸ್ಪತ್ರೆಯ ಹಿಂದಿನ ಗೋಡೆಯ ಪಕ್ಕದಲ್ಲಿ ನದಿಯ ಗುಂಟ ನಡೆದೆವು. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ, ಒಬ್ಬೊಬ್ಬರಿಗೆ ಒಂದೊಂದರಂತೆ, ಆ ಗೋಡೆಯ ಉದ್ದಕ್ಕೂ ಕೆಂಪು ಹೃದಯಗಳನ್ನು ಬರೆದಿದ್ದಾರೆ. ಕೆಲವದರ ಒಳಗೆ ಹೆಸರು, ಕೆಲವದರಲ್ಲಿ ಬರೀ ಅಪ್ಪ, ಅಮ್ಮ ಎಂದಿದೆ. ಅವಳ ಅಣ್ಣ ಹೋದದ್ದು 2021ರ ಮೇ ತಿಂಗಳಲ್ಲಿ, ಅದೇ ರೋಗದಿಂದ. ಅವಳು ನಿಂತುಬಿಟ್ಟಳು. ಕತ್ತಲಾಗುತ್ತದೆ, ನಡಿ ನಡಿ ಎಂದು ಅವಳನ್ನು ಅಲ್ಲಿಂದ ಎಬ್ಬಿಸಿದವನು ನಾನು. ಆ ಮಾತನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಬೆಲ್ಟಿನ ಮುಂದೆ ವ್ಯರ್ಥವಾದ ಆ ಒಂದು ಗಂಟೆ ಹತ್ತು ನಿಮಿಷ ನಮ್ಮ ಕೈಯಲ್ಲಿದ್ದಿದ್ದರೆ ನಾನು ಹಾಗೆ ಅವಸರ ಮಾಡುತ್ತಿರಲಿಲ್ಲ.

ದಾರಿಯಲ್ಲಿ ಸೋನೆ ಹಿಡಿಯಿತು. ಹಿಂದಿನ ದಿನ ದಾವಣಗೆರೆಯಲ್ಲಿ ಉಟ್ಟಿದ್ದ ಕಾಟನ್ ಸೀರೆಯ ಅಂಚು ಒದ್ದೆಯಾಗಿ, ಹೊಸ ಶೂಗೆ ಸುತ್ತಿಕೊಂಡು, ಹೆಜ್ಜೆ ಹೆಜ್ಜೆಗೂ ತೊಡರುತ್ತಿತ್ತು. ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ಅವಳು ಕುಂಟುತ್ತಾ ಬಂದಳು. ಲ್ಯಾಂಬೆತ್ ಸೇತುವೆಯ ಕಡೆಗೆ ಸಾಗಿ ಪ್ರತಿಮೆಯ ಮುಂದೆ ನಿಂತಾಗ ಹೊತ್ತು ಮುಳುಗಿ, ಬಸವಣ್ಣನವರ ಮುಖ ಸರಿಯಾಗಿ ಕಾಣದಷ್ಟು ಮಬ್ಬಾಗಿತ್ತು. "ವಿಭೂತಿ ಬ್ಯಾಗಿನಾಗೇ ಉಳೀತಲ್ರೀ" ಎಂದಷ್ಟೇ ಹೇಳಿ ಕೈಮುಗಿದಳು. ಹತ್ತು ವರ್ಷ ಕಾದ ಗಳಿಗೆ ಅದು. ಮಾರನೆಯ ದಿನದಿಂದ ನಮ್ಮ ಟಿಕೆಟುಗಳೆಲ್ಲ ಬೇರೆ ಊರುಗಳಿಗೆ ಆಗಿದ್ದವು, ಮತ್ತೆ ಅಲ್ಲಿಗೆ ಹೋಗಲಾಗಲಿಲ್ಲ.

ಬ್ಯಾಗ್ ಮೂರನೆಯ ದಿನ ರಾತ್ರಿ ಬಂತು, ಒಂದು ಚಕ್ರ ಮುರಿದು, ಒಳಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ ಒಡೆದು ಇಳಕಲ್ ಸೀರೆಯ ಮಡಿಕೆಗಳಿಗೆಲ್ಲ ಎಣ್ಣೆ ಹತ್ತಿತ್ತು.

ಊರಿಗೆ ಮರಳಿದ ಮೇಲೆ ವಕೀಲನಾಗಿರುವ ನನ್ನ ಅಕ್ಕನ ಮಗನನ್ನು ಕೇಳಿದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಗಳ ಹೊಣೆಯನ್ನು ಗೊತ್ತುಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಿಂದಲೇ ಬದ್ಧವಾಗಿದೆ. ತಡೆಯಲು ಬೇಕಾದುದನ್ನೆಲ್ಲ ಮಾಡಿದ್ದೆವೆಂದು ಸಂಸ್ಥೆ ತೋರಿಸದಿದ್ದರೆ, ಸಾಮಾನು ತಡವಾದುದರಿಂದ ಆದ ನಷ್ಟವನ್ನು ಅದು ಕಟ್ಟಿಕೊಡಬೇಕು. ನಿಜವಾಗಿ ಆದ ನಷ್ಟವಷ್ಟೇ ಸಿಗುತ್ತದೆ, ಅದರ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೀರಿದ ಮೊತ್ತ. ಬ್ಯಾಗ್ ಹಾಳಾಗಿದ್ದರೆ ಕೈಸೇರಿದ 7 ದಿನದೊಳಗೆ, ತಡವಾಗಿದ್ದರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಚಕ್ರ ಮುರಿದದ್ದಕ್ಕೆ ನಾನು ಬರೆದದ್ದು ಒಂಬತ್ತನೆಯ ದಿನ, ಹೀಗಾಗಿ ಅದನ್ನು ತಳ್ಳಿಹಾಕಿದರು. ಈ ಗಡುವನ್ನೂ ಆ ಕೌಂಟರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಕೋಟು ಮತ್ತು ಶೂಗಳು ನಿಮ್ಮ ಬಳಿಯೇ ಉಳಿಯುವುದರಿಂದ ಅರ್ಧ ಹಣ ಕೊಡುತ್ತೇವೆ, ಅದನ್ನೂ ಮುಂದಿನ ಪ್ರಯಾಣದ ಟಿಕೆಟಿನಲ್ಲಿ ಕಳೆಯುವ ವೋಚರಾಗಿ ಪಡೆಯಿರಿ ಎಂಬ ಉತ್ತರ ಐದು ವಾರಗಳ ನಂತರ ಬಂತು. ದಾವಣಗೆರೆಯಲ್ಲಿ ಆ ಕೋಟನ್ನು ಯಾವ ತಿಂಗಳು ಹಾಕಿಕೊಳ್ಳಬೇಕೋ ಅವರೇ ಹೇಳಬೇಕು. ನಾನು ವೋಚರನ್ನು ನಿರಾಕರಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕೆ ಬೇಕಾದ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದೇನೆ.

ಅವರಿಗೆ ಬರೆದ ಪ್ರತಿ ಪತ್ರದಲ್ಲೂ ಹಣದ ಮಾತಿಗಿಂತ ಮೊದಲು ಒಂದೇ ಪ್ರಶ್ನೆ ಕೇಳಿದ್ದೇನೆ: ನಮ್ಮ ಬ್ಯಾಗ್ ಎರಡನೆಯ ವಿಮಾನಕ್ಕೆ ಹತ್ತಿಲ್ಲ ಎಂಬುದು ನಿಮ್ಮ ದಾಖಲೆಯಲ್ಲಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ನಮೂದಾಯಿತು? ಇದುವರೆಗೆ ಎರಡು ಉತ್ತರಗಳು ಬಂದಿವೆ. ಎರಡರಲ್ಲೂ ಆ ಸಮಯ ಇಲ್ಲ.