ರಿಲೇ ಹಾಕಿದವನು ಕಳ್ಳ, ಕಣ್ಣು ಕುಕ್ಕುವವನು ಸಾಚಾ!

ಇವತ್ತು ಹೇಳದೇ ಇದ್ದರೆ ಹೊಟ್ಟೆಯ ಉರಿ ತಣಿಯುವುದಿಲ್ಲ. ನನ್ನ 2001ರ ಮಾರುತಿ 800ಕ್ಕೆ ಆರ್‌ಸಿ (ನೋಂದಣಿ ಪತ್ರ) ರಿನ್ಯೂವಲ್ ಮಾಡಿಸಲು ಆರ್‌ಟಿಒ ಆಫೀಸಿಗೆ ಹೋಗಿದ್ದೆ. ಅಲ್ಲಿನ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿದರು. ಬ್ಯಾಟರಿ ಪಕ್ಕ ಎರಡು ಸಣ್ಣ ಕಪ್ಪು ಡಬ್ಬಿ ಕಂಡವು. "ಇದೇನ್ರೀ, ಕಂಪನಿ ಫಿಟಿಂಗಾ?" ಅಂದರು. ಹೆಡ್‌ಲೈಟಿನ ರಿಲೇ ಸಾರ್ ಅಂದೆ. "ಎಕ್ಸ್‌ಟ್ರಾ ಫಿಟಿಂಗ್ ಎಲ್ಲ ಬಿಚ್ಚಿಸ್ಕೊಂಡು ಬನ್ನಿ" ಅಂತ ಪೇಪರು ವಾಪಸ್ ಕೊಟ್ಟರು. ನೋಡಿದ್ದು ಒಂದು ನಿಮಿಷವೂ ಇಲ್ಲ.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು, ಅಷ್ಟೇ. ಅದನ್ನು ಯಾಕೆ ಹಾಕಿದ್ದೇನೆ ಗೊತ್ತಾ? ಹಳೇ 800ರಲ್ಲಿ ಹೆಡ್‌ಲೈಟಿನ ಕರೆಂಟು ಪೂರ್ತಿ ಸ್ಟೀರಿಂಗ್ ಕೆಳಗಿನ ಸ್ವಿಚ್ಚನ್ನು ಹಾದು ಬರುತ್ತದೆ. ವಯಸ್ಸಾದ ಹಾಗೆ ಸ್ವಿಚ್ಚಿನ ಕಾಂಟ್ಯಾಕ್ಟು ಕರಕಲಾಗುತ್ತದೆ, ವೈರಿನ ತುದಿ ಹಸಿರುಗಟ್ಟುತ್ತದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದರೆ, ಬಲ್ಬಿನ ಹತ್ತಿರ ಮೀಟರ್ ಹಿಡಿದಾಗ 11 ತೋರಿಸುತ್ತಿತ್ತು. ಹ್ಯಾಲೋಜನ್ ಬಲ್ಬಿಗೆ ಅಷ್ಟು ವೋಲ್ಟ್ ಕಡಿಮೆಯಾದರೆ ಬೆಳಕು ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದೆ. ಒಂದು ಫ್ಯೂಸ್, ಎರಡು ರಿಲೇ. ಈಗ ಸ್ವಿಚ್ಚಿನ ಮೇಲೂ ಭಾರವಿಲ್ಲ. ಬಲ್ಬು ಅದೇ ಹಳೇ 60/55 ವ್ಯಾಟಿನದು (ಹೈಬೀಮ್‌ಗೆ 60, ಡಿಮ್‌ಗೆ 55). ಎದುರಿನವರ ಕಣ್ಣಿಗೆ ಬೀಳುವ ಬೆಳಕು ಕಾರು ಹೊಸದಿದ್ದಾಗ ಎಷ್ಟಿತ್ತೋ ಅಷ್ಟೇ. ಇದು ತಪ್ಪಂತೆ!

ಅದೇ ಕ್ಯೂನಲ್ಲಿ ನನ್ನ ಮುಂದೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಬಂದ ಪಿಕಪ್ ಒಂದಿತ್ತು. ಹೆಡ್‌ಲೈಟಿನ ಒಳಗೆ ನೀಲಿ ಬೆಳಕಿನ ಎಲ್‌ಇಡಿ, ಬಂಪರ್ ಮೇಲೆ ಉದ್ದಕ್ಕೆ ಲೈಟ್ ಬಾರ್ ಬೇರೆ. ಅದು ಸಲೀಸಾಗಿ ಪಾಸಾಗಿ ಹೋಯಿತು. ಲೈಟು ಹಾಕಿಸಿ ನೋಡುವ ಗೋಜಿಗೂ ಯಾರೂ ಹೋಗಲಿಲ್ಲ.

ಹ್ಯಾಲೋಜನ್ ಹೆಡ್‌ಲೈಟಿನ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಡಿಮ್‌ನ ಫಿಲಮೆಂಟಿನ ಕೆಳಗೆ ಬಟ್ಟಲಿನ ಆಕಾರದ ಚಿಕ್ಕ ತಗಡು ಇರುತ್ತದೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಅದರಿಂದಲೇ ಡಿಮ್ ಬೆಳಕು ರಸ್ತೆಗೆ ಬೀಳುತ್ತದೆ, ಎದುರಿನವರ ಮುಖಕ್ಕಲ್ಲ. ಗಾಜು, ರಿಫ್ಲೆಕ್ಟರು ಎಲ್ಲವನ್ನೂ ಆ ಫಿಲಮೆಂಟ್ ಎಲ್ಲಿದೆ ಎಂದು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಅದೇ ಜಾಗಕ್ಕೆ ಅಗ್ಗದ ಎಲ್‌ಇಡಿ ತುರುಕಿದರೆ ಆ ಲೆಕ್ಕವೆಲ್ಲ ಕೆಟ್ಟು ಬೆಳಕು ಎಲ್ಲೆಲ್ಲಿಗೋ ಚೆಲ್ಲುತ್ತದೆ. ಡಿಮ್ ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ.

ಮಳೆಗಾಲದ ರಾತ್ರಿ ಶಿರಾಡಿ ಘಾಟಿ ಇಳಿದವರಿಗೆ ಇದರ ಬಿಸಿ ಗೊತ್ತು. ಒಂದು ಕಡೆ ಕಾಡು, ಒಂದು ಕಡೆ ಇಳಿಜಾರು, ಮಂಜು, ಹಿಂದೆ ಟ್ಯಾಂಕರ್. ತಿರುವಿನಲ್ಲಿ ಎದುರಿಗೆ ಇಂಥ ಗಾಡಿ ಬಂದರೆ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ. ರಸ್ತೆಯ ಅಂಚಿನ ಬಿಳಿ ಗೆರೆಯೂ ಇಲ್ಲ, ನಡೆದು ಹೋಗುವ ಮನುಷ್ಯನೂ ಇಲ್ಲ. ಪಕ್ಕದಲ್ಲಿ ಕೂತ ಹೆಂಡತಿ "ರೀ, ನಿಧಾನ!" ಅಂತ ಕೂಗುತ್ತಾಳೆ. ಇಂಥವರನ್ನು ನಿಲ್ಲಿಸಿ ಕೇಳಿದವರನ್ನು ನಾನಂತೂ ನೋಡಿಲ್ಲ.

ಕಾನೂನು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೂ ಇದೆ. ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಎನ್ನುತ್ತವೆ. ಸರಿ, ಒಪ್ಪಿದೆ. ಆದರೆ ರಿಲೇ ಆರ್‌ಸಿಯ ಯಾವ ಕಾಲಂನಲ್ಲಿ ಬರುತ್ತದೆ? ಹಿಂದಿನ ಸೀಟಿಗೆ ಮಕ್ಕಳಿಗೋಸ್ಕರ ಬೆಲ್ಟು ಹಾಕಿಸಿದ್ದೇನಲ್ಲ, ಅದು ಯಾವ ಕಾಲಂ? ಅದಕ್ಕೂ ಕೊಂಕು ತೆಗೆದರು ಕಣ್ರೀ! ಅದೇ 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದನ್ನು ಬೆಲ್ಟು ಹಾಕಿಸಿದವನಿಗೆ ತೋರಿಸಿ ಹೆದರಿಸುತ್ತಾರೆ.

ಹೊರಗೆ ಬಂದರೆ ಏಜೆಂಟ್ ಕಾಯುತ್ತಿದ್ದ. "ಮೊದ್ಲೇ ನಂಗೆ ಹೇಳಿದ್ರೆ ಏನೂ ಬಿಚ್ಚೋದು ಬೇಕಿರ್ಲಿಲ್ಲ ಸಾರ್" ಅಂದ. ಅಂದರೆ ತೊಂದರೆ ರಿಲೇಯದ್ದಲ್ಲ, ಅಲ್ವಾ?

ನನಗೆ ಈ ಹುಚ್ಚು ಹಿಡಿದಿದ್ದು ಸಕಲೇಶಪುರದ ಗ್ಯಾರೇಜಿನಲ್ಲಿ, ಶಾಲೆಗೆ ಹೋಗುವಾಗಲೇ. ಅಂಬಾಸಿಡರ್‌ಗೆ ಮೆಟಾಡೋರ್‌ನ ಡೀಸೆಲ್ ಇಂಜಿನ್ ಕೂರಿಸುವುದನ್ನು ಬಾಯಿಬಿಟ್ಟುಕೊಂಡು ನೋಡಿದವನು ನಾನು. ಮೊದಲ ಗಾಡಿ ಫಿಯೆಟ್‌ಗೆ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ್ದು ನಾನೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಒಂದು ಪಾರ್ಟಿಗಾಗಿ ಇಡೀ ಭಾನುವಾರ ಅಲೆದಿದ್ದೇನೆ. ಸುಮ್ನೆ ಶೋಕಿಗೆ ಒಂದು ಸ್ಟಿಕ್ಕರ್ ಕೂಡ ಅಂಟಿಸಿಲ್ಲ. ಇಷ್ಟು ವರ್ಷ ಗಾಡಿ ಸಾಕಿದವನನ್ನು ಕಳ್ಳನ ಹಾಗೆ ನೋಡಿದರೆ ಮೈ ಉರಿಯುವುದಿಲ್ವಾ?

ದುಡ್ಡಿನ ಮಾತು ಬೇರೆ. 2021ರಲ್ಲಿ ಇದೇ ರಿನ್ಯೂವಲ್‌ಗೆ ಫೀಸು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಕೊಟ್ಟೆ. ಹತ್ತು ಸಾವಿರ ಎಣಿಸಿಕೊಂಡ ಮೇಲೆ ಗಾಡಿಯನ್ನು ನೆಟ್ಟಗೆ ಪರೀಕ್ಷೆ ಮಾಡಬೇಡವೇ? ಬ್ರೇಕ್ ಹಿಡಿದು ನೋಡಲಿಲ್ಲ, ಟೈರ್ ಬಗ್ಗಿ ನೋಡಲಿಲ್ಲ. ಡಬ್ಬಿ ಮಾತ್ರ ಕಂಡಿತು.

ಜರ್ಮನಿಯಲ್ಲಿ ಗಾಡಿ ಬದಲಿಸಿದರೆ ಟಿಯುವಿಯಂಥ ವಾಹನ ತಪಾಸಣಾ ಸಂಸ್ಥೆಗೆ ಒಯ್ದು ತೋರಿಸುತ್ತಾರೆ. ಇಂಜಿನಿಯರ್ ಪರೀಕ್ಷೆ ಮಾಡುತ್ತಾರೆ, ಸರಿಯಿದ್ದರೆ ಪೇಪರಿನಲ್ಲಿ ಬರೆದು ಕೊಡುತ್ತಾರೆ, ಇಲ್ಲದಿದ್ದರೆ ಬಿಚ್ಚು ಅನ್ನುತ್ತಾರೆ. ನಮ್ಮಲ್ಲೂ ಅಂಥದ್ದೊಂದು ಕೌಂಟರ್ ಇಡಿ. ಫೀಸು ಹಾಕಿ, ಬೇಡ ಅನ್ನುವುದಿಲ್ಲ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ ಎಂದು ಅಳೆಯುವ ಬೀಮ್ ಟೆಸ್ಟರ್ ಮುಂದೆ ನನ್ನ 800 ನಿಲ್ಲಿಸಿ, ಆ ಪಿಕಪ್ಪನ್ನೂ ನಿಲ್ಲಿಸಿ. ಯಾರ ಬೆಳಕು ಮೇಲೆ ಹೋಗುತ್ತದೋ ಅವರ ಆರ್‌ಸಿ ಹಿಡಿದಿಟ್ಟುಕೊಳ್ಳಿ.

ರಿಲೇ ಬಿಚ್ಚಿ ತೋರಿಸಿ ಸೀಲ್ ಹಾಕಿಸಿಕೊಂಡು ಬಂದೆ. ಅದೇ ಸಂಜೆ ವಾಪಸ್ ಕೂರಿಸಿದ್ದೇನೆ. ಮುಂದಿನ ವಾರ ಮಂಗಳೂರಿಗೆ ಹೋಗುವುದಿದೆ, ಶಿರಾಡಿ ಮೇಲೇ ಹೋಗಬೇಕು. ಯಾರಾದರೂ ಹಿಡಿದರೆ ಮೀಟರ್ ಕೈಗೆ ಕೊಟ್ಟು ವೋಲ್ಟ್ ಅಳೆದು ತೋರಿಸುತ್ತೇನೆ, ಆಮೇಲೆ ಏನು ಬೇಕಾದರೂ ಬರೆದುಕೊಳ್ಳಲಿ.